ಬೀಳಬೇಕಾದ ಮನೆ

ಮೂರು ಹಂದಿಮರಿಗಳ ಕಥೆಯಲ್ಲಿ ಊದಿ ಮನೆ ಬೀಳಿಸುವ ತೋಳನ ಬದಲು ತರಗತಿಯಲ್ಲಿ ಇಟ್ಟಿದ್ದ ಟೇಬಲ್ ಫ್ಯಾನನ್ನು ಮೂರನೇ ನಂಬರಿಗೆ ತಿರುಗಿಸಿದರೂ ಹುಲ್ಲಿನ ಮನೆ ಬೀಳಲಿಲ್ಲ. ಹಾರಿಹೋದದ್ದು ವಿಜ್ಞಾನದ ಮೇಡಂ ಸ್ವತಃ ಬೆಂಕಿಪೊಟ್ಟಣ ಪೇರಿಸಿ ಕಟ್ಟಿದ್ದ, ಕಥೆಯಲ್ಲಿ ಬೀಳದೆ ನಿಲ್ಲುವ 'ಇಟ್ಟಿಗೆ' ಮನೆ. ಮಕ್ಕಳು ಹೋ ಎಂದು ಕೂಗಿದರು. ಹುಲ್ಲಿನ ಮನೆ ಕಟ್ಟಿದವಳು ಛಾವಣಿಗೆ ಹುಲ್ಲು ಹೊದಿಸುವವನ ಮಗಳು. ಜೇಡಿಮಣ್ಣಿನಲ್ಲಿ ಕಡ್ಡಿಗಳನ್ನು ಹೂತು, ಒಂದೊಂದು ಹಿಡಿ ಹುಲ್ಲನ್ನೂ ದಾರದಿಂದ ಬಿಗಿದಿದ್ದಳು. ಅಪ್ಪ ಕಲಿಸಿದ ಗಂಟು.

"ಏಯ್, ಸುಮ್ನಿರಿ! ಕಥೆ ಹಾಗಿಲ್ಲ," ಎಂದು ಗದರಿದ ಮೇಡಂ ಫ್ಯಾನನ್ನು ಇನ್ನೂ ಹತ್ತಿರ ತಂದರು. ಹುಲ್ಲು ಸರಸರ ಎಂದಿತೇ ಹೊರತು ಮನೆ ಜಗ್ಗಲಿಲ್ಲ. ಕೊನೆಗೆ, ಎಲ್ಲರ ಕಣ್ಣೆದುರೇ, ಛಾವಣಿಯನ್ನು ಹಿಡಿದು ಕಿತ್ತು ನೆಲಕ್ಕೆಸೆದರು. "ನೋಡಿದ್ರಾ? ಹುಲ್ಲಿನ ಮನೆ ಯಾವತ್ತಿದ್ರೂ ಬೀಳೋದೇ. ಬರ್ಕೊಳ್ಳಿ."

ಈಗಷ್ಟೇ ಹೋ ಎಂದವರೆಲ್ಲ ತಲೆ ತಗ್ಗಿಸಿ ಬರೆಯತೊಡಗಿದರು. ಹುಡುಗಿಗೆ ಪಿತ್ತ ನೆತ್ತಿಗೇರಿತು. ಪಕ್ಕದವಳು "ಕೂತ್ಕೊಳೇ" ಎಂದು ಲಂಗ ಜಗ್ಗಿದರೂ ಕೊಸರಿಕೊಂಡು ಎದ್ದಳು. ಬಿದ್ದಿದ್ದ ಛಾವಣಿಯನ್ನು ಎತ್ತಿ, ತಂದು ಮೇಡಂ ಮೇಜಿನ ಮೇಲೆ ಕುಕ್ಕಿದಳು. ಅದರ ಒಂದು ಗಂಟೂ ಬಿಚ್ಚಿರಲಿಲ್ಲ.

"ತೋಳ ಊದ್ಬೇಕಿತ್ತು ಮೇಡಂ," ಎಂದಳು. "ಕೈ ಹಾಕೋ ಹಾಗಿರ್ಲಿಲ್ಲ."