ಸೀದ ಬೀಜದ ಕಾಫಿ

ಮೂಡಿಗೆರೆಯಲ್ಲಿ ನಾನು ಕಾಫಿ ಹುರಿದು ಮಾರುವ ಅಂಗಡಿಯಲ್ಲಿ ಬೀಜ ಸೀದ ವಾಸನೆ ಬಂದರೆ ಈಗಲೂ ನನ್ನ ಕಾಲು ನಿಂತಲ್ಲಿ ನಿಲ್ಲುವುದಿಲ್ಲ.

ನನಗಾಗ ಹತ್ತು ವರ್ಷ. ಸೋದರತ್ತೆಯ ಮನೆಯವರು ಊಟಕ್ಕೆ ಬರುವವರಿದ್ದರು. ದೊಡ್ಡಮ್ಮ ಮೊದಲ ಸಲ ಕಾಫಿ ಹುರಿಯುವ ಬಾಣಲೆಯನ್ನು ನನಗೆ ಒಪ್ಪಿಸಿದ್ದರು. ಅವರ ಜೀಪಿನ ಸದ್ದು ಕೇಳಿದಂತಾಗಿ ನಾನು ಮೂರು ಸಲ ಗೇಟಿಗೆ ಓಡಿದೆ. ಮೂರನೆಯ ಸಲ ಮರಳುವಷ್ಟರಲ್ಲಿ ಅಡುಗೆಮನೆಯ ತುಂಬ ಹೊಗೆ, ಬೀಜವೆಲ್ಲ ಇದ್ದಿಲು.

“ಚೆಲ್ಲಿ ಬರ್ತೀನಿ ದೊಡ್ಡಮ್ಮ.”

“ಚೆಲ್ಲೋದು ಎಂತಕ್ಕೆ ಮಾರಾಯ್ತಿ? ಪುಡಿ ಮಾಡು, ಕುಡಿಯೋಣ.”

ಎರಡು ಲೋಟ ಕಾಫಿಯಾಯಿತು. ಕಹಿ ನನ್ನ ಗಂಟಲನ್ನೇ ಹಿಡಿಯಿತು. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ದೊಡ್ಡಮ್ಮ ಮುಖ ಕಿವುಚದೆ ತಳದವರೆಗೂ ಕುಡಿದರು.

“ನಾನು ಮೊದಲ ಸಲ ಸೀಯಿಸಿದ್ದನ್ನ ನಮ್ಮತ್ತೆ ಹಿತ್ತಲಿಗೆ ಎಸೆದ್ರು. ಎಲ್ಲಿ ಕೆಟ್ಟಿತು ಅಂತ ನಂಗೆ ಗೊತ್ತಾಗ್ಲೇ ಇಲ್ಲ. ನಿಂದು ಎಲ್ಲಿ ಕೆಟ್ಟಿತು, ಹೇಳು.”

“ಬೀಜ ಚಟಪಟ ಅಂದಾಗ ನಾನು ಗೇಟಲ್ಲಿದ್ದೆ.”

ಅವರು ಇನ್ನೊಂದು ಸೇರು ಹಸಿ ಬೀಜವನ್ನು ಬಾಣಲೆಗೆ ಸುರಿದು ಸಟ್ಟುಗವನ್ನು ಮತ್ತೆ ನನ್ನ ಕೈಗೇ ಕೊಟ್ಟರು.

ಬೀಜ ಕೆಂಪಾಗುತ್ತಿತ್ತು. ಅಷ್ಟರಲ್ಲಿ ಜೀಪು ನಿಜವಾಗಿಯೂ ಬಂದು ಗೇಟಿನಲ್ಲಿ ಹಾರನ್ ಹೊಡೆಯಿತು. ನನ್ನ ಕಾಲು ತುಡಿಯಿತು. ಕಿವಿ ಬಾಣಲೆಯಲ್ಲೇ ಇತ್ತು.