ಗ್ರಾಹಕರ ಸಹಿ

ಬ್ಯಾಂಕಿನ ಲಾಕರ್ ಖಾಲಿ ಇತ್ತು. ಇಸಿಲ್ಡಾ ಒಳಗೆ ಕೈಹಾಕಿ ಮೂಲೆಮೂಲೆ ತಡವಿದಳು. ಬೆರಳಿಗೆ ತಗುಲಿದ್ದು ತಣ್ಣನೆಯ ತಗಡು ಮಾತ್ರ. ಗಂಡ ಎಗ್ಬರ್ಟ್, ಬ್ಲ್ಯಾಕ್ ರಿವರ್ ಊರಿನ ಮನೆಯನ್ನು ಅವಳ ಹೆಸರಿಗೆ ಬರೆದಿದ್ದ ದಾನಪತ್ರ ಅದರಲ್ಲಿರಬೇಕಿತ್ತು. ಅದಕ್ಕೆ ನಕಲಿರಲಿಲ್ಲ. ಅದು ಸಿಗದಿದ್ದರೆ ತಿಂಗಳ ಕೊನೆಗೆ ಮೈದುನ ಆಲ್ವಿನ್ ಅವಳನ್ನು ಬೀದಿಗೆ ತಳ್ಳುವುದು ಖಂಡಿತ. ಅಣ್ಣನನ್ನು ಮಣ್ಣು ಮಾಡಿ ಬಂದ ದಿನವೇ ಆ ಪುಣ್ಯಾತ್ಮ ಹಜಾರದ ಅಳತೆ ತೆಗೆದುಕೊಂಡು ಹೋಗಿದ್ದ.

ಮ್ಯಾನೇಜರ್ ಬರ್ನೆಟ್ ಲಾಕರಿಗೆ ಬಂದುಹೋದವರ ಪುಸ್ತಕ ತೆರೆದ. ಕಳೆದ ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಎಗ್ಬರ್ಟ್ ಟಲಕ್ ಎಂದು ಸಹಿಯಿತ್ತು. ಎಗ್ಬರ್ಟ್ ಸತ್ತು ಅಂದಿಗೆ ಹದಿನಾಲ್ಕು ದಿನವಾಗಿತ್ತು.

"ಸಾವಿನ ಸರ್ಟಿಫಿಕೇಟು ಕೊಟ್ಟ ಮೇಲೆ ನಾಮಿನಿಯಾದ ನನ್ನ ಬಿಟ್ಟು ಬೇರೆ ಯಾರು ಬಂದರೂ ಲಾಕರ್ ತೆರೆಯಲ್ಲ ಅಂತ ನಿಮ್ಮ ಕರಾರಿನಲ್ಲೇ ಇದೆ," ಎಂದಳು ಇಸಿಲ್ಡಾ. "ಸತ್ತ ಮಾರನೇ ದಿನವೇ ತಂದುಕೊಟ್ಟೆ. ನೇರಳೆ ಸೀಲು ಒತ್ತಿ ಇಟ್ಕೊಂಡ್ರಿ. ಆ ಆಲ್ವಿನ್ ಕಳ್ಳ ಸಹಿ ಹಾಕಿ ಹೊತ್ಕೊಂಡು ಹೋಗೋವಾಗ ನೀವೆಲ್ಲ ಆಕಳಿಸ್ತಾ ಕೂತಿದ್ರಾ? ಇದು ನಿರ್ಲಕ್ಷ್ಯ ಅಲ್ದೆ ಇನ್ನೇನು? ಕೋರ್ಟಿಗೆ ಎಳೀತೀನಿ."

ಬರ್ನೆಟ್‌ನ ಮುಖ ಸಣ್ಣದಾಯಿತು. ಆ ಸರ್ಟಿಫಿಕೇಟು ಲಾಕರ್ ಕೋಣೆಗೆ ತಲುಪದೆ ಇಂದಿಗೂ ಮೇಲಿನ ಮಹಡಿಯ ಮೇಜಿನ ಖಾನೆಯಲ್ಲೇ ಬಿದ್ದಿರುವುದು ಅವನಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದಿಂದ ಲಾಕರ್ ಕೋಣೆ ಕಾಯುತ್ತಿದ್ದ ವೆರೋನಾಳನ್ನು ಕರೆದ.

"ತೆರೆದುಕೊಟ್ಟವಳು ನಾನೇ," ಎಂದಳು ವೆರೋನಾ. "ಮಗಳ ಬಾಣಂತನ ಮುಗಿಸ್ಕೊಂಡು ಅವತ್ತೇ ಕೆಲಸಕ್ಕೆ ಬಂದಿದ್ದೆ. ಸಾವಿನ ಸುದ್ದಿ ಯಾರೂ ಹೇಳ್ಲಿಲ್ಲ. ಆದ್ರೆ ಬಂದಿದ್ದು ಆಲ್ವಿನ್ ಅಲ್ಲ ಇಸಿಲ್ಡಾ, ನಿನ್ನ ಗಂಡಾನೇ. ಕರೀ ಸೂಟು ಹಾಕಿದ್ದ. ಬೀಗದಕೈ ತುಂಬ ಕೆಮ್ಮಣ್ಣು. ನೋಡು, ಇದ್ರಲ್ಲೇ ಒರೆಸಿ ತಿರುಗಿಸಿದ್ದು."

ಅವಳು ಚಾಚಿದ ಕರವಸ್ತ್ರದಲ್ಲಿ ಕೆಂಪು ಕಲೆ ಒಣಗಿತ್ತು. ಇಸಿಲ್ಡಾಳ ಬಳಿ ಇದ್ದದ್ದು ಎರಡು ಬೀಗದಕೈಗಳಲ್ಲಿ ಒಂದು. ಇನ್ನೊಂದು ಗಂಡನ ಕೊರಳಲ್ಲೇ ಇತ್ತು. ಅದನ್ನು ತೆಗೆಯಲು ಮನಸ್ಸು ಬಾರದೆ ಹಾಗೆಯೇ ಮಣ್ಣು ಮಾಡಿಸಿದ್ದಳು. ಅವಳಿಗೆ ಭಯವಾಯಿತು.

ಬರ್ನೆಟ್‌ಗೆ ಮಾತ್ರ ಹೋದ ಜೀವ ಬಂದಂತಾಯಿತು. "ಹಾಗಿದ್ರೆ ಮುಗೀತಲ್ಲ ಮೇಡಂ! ಸಹಿ ಸರಿ, ಬೀಗದಕೈ ಸರಿ, ಮುಖ ಪರಿಚಯದ್ದು. ಗ್ರಾಹಕರೇ ಬಂದು ತಮ್ಮ ವಸ್ತು ತಗೊಂಡ್ರು. ನಮ್ಮ ಹೊಣೆ ಇರೋದು ಗ್ರಾಹಕರಿಗೆ. ನೀವು ನಮ್ಮ ಗ್ರಾಹಕರಲ್ಲ." ದೆವ್ವಗಿವ್ವ ನಂಬುವ ಜಾಯಮಾನದವನಲ್ಲ ಅವನು. ಬ್ಯಾಂಕಿಗೆ ಅನುಕೂಲವಾದಾಗ ನಂಬಲು ತಡಮಾಡಲಿಲ್ಲ ಅಷ್ಟೆ.

"ದಾನಪತ್ರ ಏನು ಮಾಡ್ದ?" ಇಸಿಲ್ಡಾ ವೆರೋನಾಳನ್ನೇ ನೋಡುತ್ತ ಕೇಳಿದಳು.

"ಜೇಬಿಗೆ ಹಾಕ್ಕೊಳ್ಳೋಕೆ ಹೋದ, ಹೆಣದ ಸೂಟಿಗೆ ಮಾಡೋ ಹಾಗೆ ಜೇಬೆಲ್ಲ ಹೊಲಿದುಬಿಟ್ಟಿದ್ರು. ಕೈಯಲ್ಲೇ ಹಿಡ್ಕೊಂಡ. ಇದನ್ನ ಇಸಿಲ್ಡಾ ಕೈಗೇ ಕೊಡ್ಬೇಕು, ಬೇರೆಯವರನ್ನ ನಂಬಲ್ಲ ಅಂದ. ಆದ್ರೆ ಮನೇನೇ ಗುರುತು ಸಿಗ್ತಿಲ್ವಂತೆ. ಮಂಚ ಇದ್ದ ಕಡೆ ಬೀರು, ಬೀರು ಇದ್ದ ಕಡೆ ಮೇಜು. ಮೂರು ಸಲ ಒಳಗೆ ಬಂದು, ಯಾರದೋ ಮನೆ ಅಂದ್ಕೊಂಡು ವಾಪಸ್ ಹೋದ್ನಂತೆ."

ಎಗ್ಬರ್ಟ್ ಸತ್ತ ಒಂಬತ್ತನೇ ರಾತ್ರಿ, ಭಜನೆ ಮುಗಿದ ಮೇಲೆ, ಊರಿನ ಪದ್ಧತಿಯಂತೆ ನೆರೆಯವರೆಲ್ಲ ಸೇರಿ ಮನೆಯ ಸಾಮಾನಿನ ಜಾಗ ಬದಲಿಸಿ ಇಟ್ಟಿದ್ದರು. ಸತ್ತವನಿಗೆ ತನ್ನ ಮನೆ ಗುರುತು ಸಿಗಬಾರದು, ಸಿಕ್ಕಿದರೆ ಅವನು ಮತ್ತೆ ಹೋಗುವುದಿಲ್ಲ. ಇಸಿಲ್ಡಾ ಗೋಡೆಯ ಕ್ಯಾಲೆಂಡರಿನತ್ತ ನೋಡಿದಳು. ತಿಂಗಳು ಮುಗಿಯಲು ಇನ್ನು ಆರು ದಿನ ಉಳಿದಿತ್ತು.

"ಬೇಡ ಕಣೇ, ಹುಚ್ಚಿ," ಎಂದಳು ವೆರೋನಾ, ಅವಳ ಮುಖ ನೋಡಿ. "ಒಳಗೆ ಬಂದವನನ್ನ ಆಮೇಲೆ ಕಳಿಸೋರು ಯಾರು?"

ಬ್ಯಾಂಕಿನ ತಪ್ಪಿಲ್ಲವೆಂದು ಬರೆದ ಹಾಳೆಯನ್ನೂ ಪೆನ್ನನ್ನೂ ಬರ್ನೆಟ್ ಇಸಿಲ್ಡಾಳ ಮುಂದೆ ತಳ್ಳಿದ. ಅವಳು ಓದದೆಯೇ ಸಹಿ ಹಾಕಿದಳು.

"ಕೋರ್ಟು ಬೇಡ ಬಿಡಿ. ನಿಮ್ಮ ವಾಚ್‌ಮನ್ ಇಬ್ಬರನ್ನ ಅರ್ಧ ಗಂಟೆ ನನ್ನ ಜೊತೆ ಕಳಿಸಿ ಸಾಕು," ಎಂದಳು. "ಮಹಾಗನಿ ಮರದ ಮಂಚ, ಹಳೇ ಜಾಗಕ್ಕೆ ಒಬ್ಬಳ ಕೈಲಿ ಜರುಗಲ್ಲ."