ಶೆಫಾಲಕ್ಕನ ತುತ್ತು

ಬೆಳಿಗ್ಗೆ ಮುದ್ದೆ ಕಟ್ಟುತ್ತಿದ್ದಾಗ ಕೈಯ ಸಂಘದ ಬಳೆ ಬಿಸಿಯಾಯಿತು. ಹೊಟ್ಟೆಯಲ್ಲಿ ನನ್ನದಲ್ಲದ ಹಸಿವು ಎದ್ದಿತು. ಢಾಕಾದ ಬಟ್ಟೆ ಕಾರ್ಖಾನೆಯಲ್ಲಿ ಹೆಂಗಸರು ಕೂಲಿಯಿಲ್ಲದೆ ಮುಷ್ಕರ ಕೂತಿದ್ದರು; ನನ್ನ ಬಳೆಯ ಜೋಡಿ ತೊಟ್ಟ ಶೆಫಾಲಕ್ಕನೂ ಅವರಲ್ಲಿದ್ದಳು. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಅವಳ ಹೆಸರಲ್ಲಿ ನುಂಗಿದೆ. ಅಲ್ಲಿ ಅವಳ ಹೊಟ್ಟೆ ತುಸು ತಣ್ಣಗಾಗುತ್ತದೆ. ಎರಡೂ ದೇಶದ ಕಾರ್ಮಿಕ ಸಂಘಗಳು ಜೋಡಿ ಬಳೆ ತೊಡಿಸಿ ಮಾಡಿಕೊಂಡ ಒಪ್ಪಂದ ಅದು. ಹೋದ ವರ್ಷ ಮದ್ದೂರಿನಲ್ಲಿ ನಾವು ಹೊಲಿಗೆ ಮಿಷನ್ ನಿಲ್ಲಿಸಿ ಮುಷ್ಕರ ಕೂತಾಗ ಅವಳು ನನಗಾಗಿ ಉಂಡಿದ್ದಳು. ಅವಳ ಮುಖ ಕಂಡಿಲ್ಲ, ಅವಳ ಮೀನು ಸಾರಿನ ರುಚಿ ಗೊತ್ತು.

ಅಷ್ಟರಲ್ಲಿ ನಮ್ಮ ಸಂಘದ ಮುಖಂಡೆ ಸಾಕಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು.

"ಅದ ಬಿಚ್ಚವ್ವ. ಅಲ್ಲಿ ಕೆಲ್ಸ ನಿಂತದಲ್ಲ, ಢಾಕಾದ ಆರ್ಡರ್ ನಮ್ ಫ್ಯಾಕ್ಟ್ರಿಗೆ ಬಂದದೆ. ಆ ಬಳೆ ಇಕ್ಕಂಡೋರ್ನ ಗೇಟ್ ಒಳಿಕ್ಕೆ ಬಿಡಕಿಲ್ವಂತೆ. ಸಂಘನೂ ಒಪ್ಕಂಡದೆ."

"ಅವ್ಳು ಉಪಾಸ ಅವ್ಳೆ ಕಣಕ್ಕ."

"ನಿನ್ ಮಗೀಗೆ ಅವ್ಳು ಬಂದು ಇಕ್ಕಾಳಾ? ತಗೋ, ಬರಿಗೈಲಿ ಇರಬಾರ್ದು."

ಮುತ್ತೈದೆ ಬರಿಗೈಯಲ್ಲಿರಬಾರದು ಎಂಬ ಶಾಸ್ತ್ರವನ್ನು ಮಾತ್ರ ಸಂಘ ಮರೆತಿರಲಿಲ್ಲ.

ಸೋಪು ಹಚ್ಚಿ ಸಂಘದ ಬಳೆ ಎಳೆದು ತೆಗೆದೆ. ಹಸಿವು ತಟ್ಟನೆ ನಿಂತಿತು. ಆ ಹಗುರಕ್ಕೆ ನನಗೇ ಹೇಸಿಗೆಯಾಯಿತು.

ಮಗಳು ಸಂಪಿ ತಟ್ಟೆಯ ಮುಂದೆ ಕೂತು ಎಲ್ಲ ನೋಡುತ್ತಿದ್ದಳು. ನಮ್ಮ ಮುಷ್ಕರದಲ್ಲಿ "ನಂಗೆ ಶೆಫಾಲಕ್ಕ ಉಣ್ಸವ್ಳೆ, ನೀ ಕುಡಿ" ಎಂದು ನನ್ನ ಪಾಲಿನ ಗಂಜಿಯನ್ನೂ ಅವಳಿಗೇ ಕುಡಿಸಿದ್ದೆ. ಹಸಿರು ಬಳೆ ತೊಟ್ಟು ಅವಳೆದುರು ಮುದ್ದೆ ಇಟ್ಟೆ. ಮುಟ್ಟಲಿಲ್ಲ. ನನ್ನ ಹಸಿರು ಬಳೆಗಳನ್ನು ಬೆರಳಿನಿಂದ ಸವರಿ, ಕೊನೆಗೆ ಕೇಳಿಯೇ ಬಿಟ್ಟಳು:

"ಅವ್ವ, ನೀವು ಮುಷ್ಕರ ಕೂತಿದ್ದಾಗ ಶೆಫಾಲಕ್ಕನ್ಗೂ ಬಳೆ ಬಿಚ್ಚು ಅಂದಿದ್ರಾ?"